'ಡೆತ್ ಬೈ ರೆಸ್ಕ್ಯೂ': ಒಂದು ವಿಮರ್ಶೆ

ಆಳುವವರು ತಮ್ಮ ಕಾರ್ಯಕ್ಕೆ ಹೇಳುವ ಕಾರಣವನ್ನು ಇತಿಹಾಸದ ವಿದ್ಯಾರ್ಥಿ ಘಟನೆಗಳ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಚಾರ್ಲ್ಸ್ ಹೆಲರ್ ಮತ್ತು ಲೊರೆಂಜೊ ಪೆಜ್ಜಾನಿ ಎಂಬ ಸಂಶೋಧಕರು 2016ರಲ್ಲಿ ಪ್ರಕಟಿಸಿದ 'ಡೆತ್ ಬೈ ರೆಸ್ಕ್ಯೂ' ಎಂಬ ವರದಿ ಅಂಥದೊಂದು ಪರೀಕ್ಷೆ. 'ರಕ್ಷಣೆಯಿಂದ ಮರಣ' ಎಂಬರ್ಥದ ಈ ವಿಚಿತ್ರ ಹೆಸರಿನ ಔಚಿತ್ಯ ಮುಂದೆ ವಿಶದವಾಗುವುದು.

ಪೂರ್ವವೃತ್ತಾಂತವಿಷ್ಟು. 2013ರ ಅಕ್ಟೋಬರ್ 3ರಂದು ಇಟಲಿಯ ಲಾಂಪೆಡೂಸಾ ದ್ವೀಪದ ಬಳಿ ದೋಣಿ ಮುಳುಗಿ 360ಕ್ಕೂ ಹೆಚ್ಚು ವಲಸೆಗಾರರು ಮಡಿದರು. ಅದೇ ತಿಂಗಳು ಇಟಲಿಯ ನೌಕಾಪಡೆ 'ಮಾರೆ ನೋಸ್ಟ್ರಂ' ಎಂಬ ಕಾರ್ಯಾಚರಣೆಯನ್ನು ಕೈಗೊಂಡು, ಲಿಬಿಯದ ತೀರದ ಸಮೀಪದವರೆಗೂ ಸಾಗಿ, ಒಂದು ವರ್ಷದಲ್ಲಿ ಸುಮಾರು 1,50,000 ಜನರನ್ನು ಕಾಪಾಡಿತು. ಅದಕ್ಕೆ ತಿಂಗಳಿಗೆ ತಗಲಿದ ವೆಚ್ಚ ಸುಮಾರು 90 ಲಕ್ಷ ಯೂರೋ. ಆದರೆ ರಕ್ಷಣೆಯ ಭರವಸೆಯೇ ಜನರನ್ನು ಸಮುದ್ರಕ್ಕೆ ಸೆಳೆಯುತ್ತಿದೆಯೆಂಬ ವಾದ ಯೂರೋಪಿನಲ್ಲಿ ಬಲಗೊಂಡಿತು. 2014ರ ನವೆಂಬರ್ 1ರಿಂದ, ಯೂರೋಪು ಒಕ್ಕೂಟದ ಗಡಿ ಸಂಸ್ಥೆಯಾದ ಫ್ರಾಂಟೆಕ್ಸ್ ಹಲವು ರಾಷ್ಟ್ರಗಳ ಹಡಗು, ವಿಮಾನಗಳನ್ನು ಕೂಡಿಸಿ 'ಟ್ರೈಟನ್' ಪಹರೆಯನ್ನು ಆರಂಭಿಸಿತು. ಅದರ ಉದ್ದೇಶ ಗಡಿಯ ಕಾವಲು. ವ್ಯಾಪ್ತಿ ತೀರದಿಂದ ಸುಮಾರು 30 ನಾವಿಕ ಮೈಲಿ. ತಿಂಗಳ ವೆಚ್ಚ 29 ಲಕ್ಷ ಯೂರೋ.

ಲೇಖಕರು 2014 ಮತ್ತು 2015ರ ಮೊದಲ ನಾಲ್ಕು ತಿಂಗಳುಗಳನ್ನು ಹೋಲಿಸಿದ್ದಾರೆ. ಎರಡು ಅವಧಿಗಳಲ್ಲಿಯೂ 26,000ಕ್ಕಿಂತ ಹೆಚ್ಚು ಜನ ಸಮುದ್ರ ದಾಟಿದರು. ಸತ್ತವರಾದರೋ ಮೊದಲನೆಯದರಲ್ಲಿ 60, ಎರಡನೆಯದರಲ್ಲಿ 1,600ಕ್ಕೂ ಮಿಕ್ಕು. ಸೆಳೆತದ ವಾದ ನಿಜವಾಗಿದ್ದರೆ ದಾಟುವವರು ಕಡಮೆಯಾಗಬೇಕಿತ್ತು, ಹಾಗಾಗಲಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಎಡೆಯುಂಟು. ಎರಡನೆಯ ಅವಧಿಯ ಸಾವುಗಳಲ್ಲಿ ಬಹುಪಾಲು ಏಪ್ರಿಲ್ 12 ಮತ್ತು 18ರ ಎರಡೇ ದುರಂತಗಳಿಗೆ ಸೇರಿದವು. ಎರಡು ಆಕಸ್ಮಿಕಗಳಿಂದ ನಿಯಮವನ್ನು ಸಾಧಿಸಬಹುದೆ? ಲೇಖಕರ ಸಮಾಧಾನ ನಮಗೆ ಒಪ್ಪಿಗೆಯಾಗಿದೆ. ಸಮೀಪದಲ್ಲಿ ರಕ್ಷಣಾನೌಕೆಗಳಿಲ್ಲದಾಗ ಆ ಹೊಣೆ ಸರಕು ಹಡಗುಗಳ ಮೇಲೆ ಬಿದ್ದಿತು. ಅವುಗಳ ಎತ್ತರದ ಗೋಡೆಗಳೂ ಅಲ್ಪಸಂಖ್ಯೆಯ ಸಿಬ್ಬಂದಿಯೂ ಅಂಥ ಕಾರ್ಯಕ್ಕೆ ತಕ್ಕುವಲ್ಲ. 18ರ ರಾತ್ರಿ ನೆರವಿಗೆ ಬಂದ ಸರಕು ಹಡಗಿಗೆ ದೋಣಿ ಡಿಕ್ಕಿ ಹೊಡೆದು ಮಗುಚಿ 800ಕ್ಕೂ ಹೆಚ್ಚು ಜನ ಸತ್ತರು. ಉಳಿದವರು 28 ಮಂದಿ. ವರದಿಯ ಹೆಸರು ಸಾರ್ಥಕವಾಗುವುದು ಇಲ್ಲಿ.

ಇನ್ನೊಂದು ವಿಷಯದಲ್ಲಿ ನಾವು ಎಚ್ಚರ ವಹಿಸಬೇಕು. ನೌಕೆಗಳನ್ನು ಹಿಂತೆಗೆದರೆ ಸಾವುಗಳು ಹೆಚ್ಚುವುವೆಂದು ಫ್ರಾಂಟೆಕ್ಸ್ ತಾನೇ 2014ರ ಆಗಸ್ಟ್ ತಿಂಗಳ ದಾಖಲೆಯಲ್ಲಿ ಬರೆದಿತ್ತು. ಸರಿಯಾದ ಯೋಜನೆಯೂ ಮುನ್ಸೂಚನೆಯೂ ಇಲ್ಲದಿದ್ದರೆ, ಎಂಬ ಷರತ್ತು ಅದರೊಡನಿದೆ. ಆ ಷರತ್ತನ್ನು ಬಿಟ್ಟು ಓದಿದರೆ ಸಾವನ್ನು ಬಯಸಿಯೇ ಹಾಗೆ ಮಾಡಿದರೆಂಬ ತೀರ್ಮಾನಕ್ಕೆ ಜಾರುವ ಅಪಾಯವುಂಟು. ಮುಂಗಾಣುವುದು ಬೇರೆ, ಬಯಸುವುದು ಬೇರೆ. ಆದರೂ ಮುಂಗಂಡವರ ಹೊಣೆ ತಪ್ಪುವುದಿಲ್ಲ.

ಆಪತ್ತಿನಲ್ಲಿರುವವರನ್ನು ಕಾಪಾಡಬೇಕೆಂಬ ಸಮುದ್ರದ ಕಾನೂನು ಈ ಅವಧಿಯಲ್ಲಿ ಬದಲಾಗಲಿಲ್ಲ. ಬದಲಾದುದು ಹಡಗುಗಳು ನಿಂತ ಸ್ಥಳ. ಮಾರೆ ನೋಸ್ಟ್ರಂ ನಿಲ್ಲಿಸಿದ್ದು ಗಂಭೀರ ತಪ್ಪೆಂದು ಯೂರೋಪಿಯನ್ ಆಯೋಗದ ಅಧ್ಯಕ್ಷರಾಗಿದ್ದ ಜಾನ್ ಕ್ಲಾಡ್ ಯುಂಕರ್ ಅವರು 2015ರ ಏಪ್ರಿಲ್ 29ರಂದು ಒಪ್ಪಿಕೊಂಡರು. ಬಳಿಕ ಟ್ರೈಟನ್ನಿನ ವ್ಯಾಪ್ತಿಯನ್ನು ಸಿಸಿಲಿಯ ದಕ್ಷಿಣಕ್ಕೆ 138 ನಾವಿಕ ಮೈಲಿಗಳವರೆಗೆ ಹಿಗ್ಗಿಸಲಾಯಿತು. ಯಾವ ಶಾಸನದ ವಿಷಯದಲ್ಲಿಯೇ ಆಗಲಿ, ಅದನ್ನು ನಡಸಬೇಕಾದವರನ್ನು ಎಲ್ಲಿ ನಿಲ್ಲಿಸಿದ್ದರೆಂದು ಕೇಳುವುದನ್ನು ನಮ್ಮ ವಿದ್ಯಾರ್ಥಿಗಳು ಈ ವರದಿಯಿಂದ ಕಲಿಯಬಹುದು.