ಶಿವಪುರವೆಂಬ ಕಲ್ಪಿತಗ್ರಾಮವೂ ಅದರ ದಿನಚರ್ಯೆಯೂ

ದಂಡಿಯು ಕಾವ್ಯಾದರ್ಶದಲ್ಲಿ ಮಹಾಕಾವ್ಯದ ಲಕ್ಷಣವನ್ನು ಹೇಳುವಲ್ಲಿ ನಗರ, ಸಮುದ್ರ, ಪರ್ವತ, ಋತು, ಚಂದ್ರಸೂರ್ಯೋದಯ, ಉದ್ಯಾನ, ಜಲಕ್ರೀಡೆ ಮೊದಲಾದುವುಗಳನ್ನು ವರ್ಣ್ಯವಸ್ತುಗಳಾಗಿ ಎಣಿಸಿರುವನು. ಆ ಎಣಿಕೆಯಲ್ಲಿ ಗ್ರಾಮವು ಸೇರಿಲ್ಲ. ನಮ್ಮ ಅಲಂಕಾರಶಾಸ್ತ್ರದಲ್ಲಿ ಗ್ರಾಮದ ಹೆಸರು ಕೇಳಿಬರುವುದು ಹೆಚ್ಚಾಗಿ ದೋಷಪ್ರಕರಣದಲ್ಲಿಯೇ. 'ಗ್ರಾಮ್ಯ'ವೆಂದರೆ ಸಭೆಯಲ್ಲಿ ಸಲ್ಲದ ಮಾತು. ಮಮ್ಮಟನು ಕೆಳತರದ ಪಾತ್ರಗಳ ಬಾಯಲ್ಲಿ ಅದೇ ಗುಣವಾಗಬಹುದೆಂದು ಒಂದು ದಿಡ್ಡಿಬಾಗಿಲನ್ನು ತೆರೆದಿಟ್ಟನಾದರೂ ಆ ಬಾಗಿಲಿನಿಂದ ವಿದೂಷಕನಂಥವರು ಒಳಕ್ಕೆ ಬಂದರೇ ಹೊರತು ಊರು ಬರಲಿಲ್ಲ.

ಕನ್ನಡದ ಪ್ರಾಚೀನಕವಿಗಳೂ ಅಷ್ಟಾದಶವರ್ಣನೆಗಳ ದಾರಿಯಲ್ಲಿಯೇ ನಡೆದರು. ಅವರ ದೇಶವರ್ಣನೆಗಳಲ್ಲಿ ಗದ್ದೆಗೆ ಎರಗಿದ ಗಿಳಿಗಳನ್ನು ಅಟ್ಟುವ ಪಾಮರಿಯರು ಕಾಣಿಸಿಕೊಳ್ಳುವುದುಂಟು. ಆದರೆ ಅವರು ಬಂದುದು ಅರಸನ ನಾಡಿನ ಸಮೃದ್ಧಿಗೆ ಸಾಕ್ಷಿ ಹೇಳುವುದಕ್ಕಾಗಿ. ಅವರ ಮನೆಯ ಒಲೆಯ ಮೇಲೆ ಆ ದಿನ ಏನು ಬೆಂದಿತೆಂದು ಕವಿಯು ವಿಚಾರಿಸಲಿಲ್ಲ. ನಮ್ಮ ತುಮಕೂರು ಸೀಮೆಯವನೇ ಆದ ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿ ಭಾವಚಿಂತಾರತ್ನವನ್ನು ರಚಿಸಿದಾಗ ಕಥೆಗಾಗಿ ಆರಿಸಿಕೊಂಡುದು ಸತ್ಯೇಂದ್ರ ಚೋಳನನ್ನು. ಗುಬ್ಬಿಯು ಕವಿಯ ಹೆಸರಿಗೆ ಅಂಟಿಕೊಂಡಿತು, ಕಥೆಯೊಳಕ್ಕೆ ಹೋಗಲಿಲ್ಲ. ಇದು ಆಕ್ಷೇಪಣೆಯಲ್ಲ; ಆ ಕಾಲದ ಕವಿಸಮಯವೇ ಹಾಗಿದ್ದಿತು. ಊರಿನ ಕೆರೆಯನ್ನು ಹಾಡಬೇಕೆಂದು ತೋರಿದುದು ಹಾಡುಗಬ್ಬದವರಿಗೆ. ಮೂಡಲ ಕುಣಿಗಲ ಕೆರೆಯ ಹಾಡನ್ನು ಕೇಳದ ಕನ್ನಡಿಗನು ಅಪರೂಪ. ಅಲ್ಲಿ ಕೆರೆಯು ನಿಜವಾದುದು, ಇಂದಿಗೂ ಹೋಗಿ ನೋಡಬಹುದಾದುದು. ಹಾಡು ಮಾತ್ರ ಅದನ್ನು ಅದ್ಭುತದ ಮಟ್ಟಕ್ಕೆ ಏರಿಸಿದೆ.

ಇದಕ್ಕೆ ತಿರುವುಮುರುವಾದ ಇನ್ನೊಂದು ಮಾರ್ಗವುಂಟು: ಊರೇ ಕಲ್ಪಿತವಾಗಿದ್ದು, ಅದರೊಳಗಿನ ಒಲೆ, ಹೊಲ, ಗುಡಿ, ಜಗಳ ಇವೆಲ್ಲವೂ ನಿಜವಾಗಿರುವುದು. ಡಾ. ಚಂದ್ರಶೇಖರ ಕಂಬಾರರ ಶಿವಪುರವು ಇಂಥದು. 1937ರಲ್ಲಿ ಬೆಳಗಾವಿ ಜಿಲ್ಲೆಯ ಘೋಡಗೇರಿಯಲ್ಲಿ ಜನಿಸಿದ ಈ ಕವಿಯು 'ಹೇಳತೇನ ಕೇಳ' ಎಂಬ ಕಥನಕಾವ್ಯದಿಂದ ಮೊದಲುಗೊಂಡು ನಾಟಕಗಳಲ್ಲಿಯೂ ಕಾದಂಬರಿಗಳಲ್ಲಿಯೂ ಮತ್ತೆ ಮತ್ತೆ ಇದೇ ಊರಿಗೆ ಬರುತ್ತಿರುವರು. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯು ಅವರಿಗೆ ಸಂದ ಮೇಲೆ ಶಿವಪುರದ ಹೆಸರು ಎಲ್ಲರ ಬಾಯಲ್ಲಿದೆ. ಊರನ್ನು ಹೊಕ್ಕು ನೋಡಿದವರು ಅಷ್ಟು ಮಂದಿ ಇದ್ದಂತೆ ತೋರುವುದಿಲ್ಲ.

ಶಿವಪುರದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ಅದು ಘೋಡಗೇರಿಯ ಮರುಹೆಸರೆಂಬುದು ಒಂದು. ಇದಕ್ಕೆ ಹೆಚ್ಚು ಉತ್ತರ ಬೇಕಿಲ್ಲ. ಮಣ್ಣು ಎಲ್ಲಿಯದಾದರೂ ಮಡಕೆಯನ್ನು ಕುಂಬಾರನ ಹೆಸರಿನಿಂದಲೇ ಕರೆಯುವುದು ರೂಢಿ. ಎರಡನೆಯದು ಹೆಚ್ಚು ವ್ಯಾಪಕವಾದುದೂ, ನನ್ನ ಎಣಿಕೆಯಲ್ಲಿ ಹೆಚ್ಚು ಹಾನಿಕರವಾದುದೂ ಆಗಿದೆ: ಶಿವಪುರವೆಂದರೆ ನಾವು ಕಳೆದುಕೊಂಡ ಸುಂದರ ಗ್ರಾಮಜೀವನ, ಪಟ್ಟಣದ ಗಾಳಿ ಸೋಕುವುದಕ್ಕೆ ಮೊದಲಿದ್ದ ಒಂದು ಬಗೆಯ ರಾಮರಾಜ್ಯ ಎಂಬುದು. ತುಮಕೂರಿನ ಸಭೆಗಳಲ್ಲಿ ಈ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ವಿದ್ಯಾರ್ಥಿಗಳು ಇದನ್ನೇ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನೂ ಪಡೆಯುತ್ತಾರೆ. ಗ್ರಂಥಗಳನ್ನು ಬಿಚ್ಚಿ ನೋಡಿದರೆ ದೊರೆಯುವುದು ಬೇರೆಯೇ.

'ಹೇಳತೇನ ಕೇಳ' ಕಾವ್ಯದ ಕಥೆಯು ಪ್ರಸಿದ್ಧವಾಗಿದೆ. ರಾಕ್ಷಸನೊಬ್ಬನು ಶಿವಪುರದ ಗೌಡನನ್ನು ಕೊಂದು, ಅವನ ರೂಪವನ್ನೇ ತಾಳಿ, ಊರಿಗೆ ಬಂದು ಗೌಡನಾಗಿ ಕುಳಿತುಕೊಳ್ಳುತ್ತಾನೆ. ವೇಷಾಂತರದ ಕಥೆಗಳು ನಮಗೆ ಹೊಸವಲ್ಲ. ದಮಯಂತಿಯ ಸ್ವಯಂವರದಲ್ಲಿ ನಳನ ರೂಪದ ದೇವತೆಗಳು ಸಾಲಾಗಿ ನಿಂತಾಗ ಅವರ ಕಣ್ಣು ಮಿಟುಕಲಿಲ್ಲ, ಮೈ ಬೆವರಲಿಲ್ಲ, ಹೂಮಾಲೆ ಬಾಡಲಿಲ್ಲ, ಕಾಲು ನೆಲವನ್ನು ಮುಟ್ಟಲಿಲ್ಲ. ಈ ಲಕ್ಷಣಗಳಿಂದ ಅವಳು ನಿಜವಾದ ನಳನನ್ನು ಗುರುತಿಸಿದಳು. ಗೌತಮನ ವೇಷದಲ್ಲಿ ಬಂದ ಇಂದ್ರನನ್ನು ಅಹಲ್ಯೆಯು ಅರಿತಿದ್ದಳೆಂದೇ ವಾಲ್ಮೀಕಿಯು ಹೇಳುತ್ತಾನೆ. ಹೀಗೆ ಪುರಾಣಗಳಲ್ಲಿ ವೇಷಕ್ಕೊಂದು ಬಿರುಕು ಇದ್ದೇ ಇರುತ್ತದೆ. ಶಿವಪುರದ ರಾಕ್ಷಸನ ವಂಚನೆಯಾದರೋ ಸಾಗುತ್ತದೆ. ಅದು ಸಾಗುವುದು ಹೇಗೆಂಬುದನ್ನು ವಿಮರ್ಶಕನು ಕೇಳಿಕೊಳ್ಳಬೇಕು.

ನನಗೆ ತೋರುವ ಉತ್ತರವಿಷ್ಟು: ಗೌಡನು ಊರಿನಲ್ಲಿ ನಿತ್ಯವೂ ಮಾಡುತ್ತಿದ್ದ ಕೆಲಸಗಳನ್ನೇ ರಾಕ್ಷಸನೂ ಮಾಡುತ್ತಾನೆ. ಗೌಡನ ಮನೆಯಲ್ಲಿರುವುದು, ಗೌಡನ ಆಳುಗಳಿಗೆ ಅಪ್ಪಣೆ ಕೊಡುವುದು, ಗೌಡನ ಹೆಂಡತಿಗೆ ಗಂಡನಾಗಿರುವುದು. ಈ ಕೆಲಸಗಳಲ್ಲಿ ಮನುಷ್ಯನಿಗೂ ರಾಕ್ಷಸನಿಗೂ ಭೇದ ಕಾಣದಂಥ ವ್ಯವಸ್ಥೆಯೊಂದು ಆ ಊರಿನಲ್ಲಿ ಮೊದಲೇ ಇದ್ದಿತು. ಬೆಳಗಾದರೆ ದನ ಬಿಡಬೇಕು, ಮಳೆ ಬಂದರೆ ಬಿತ್ತಬೇಕು, ಗೌಡ ಕರೆದರೆ ಹೋಗಿ ನಿಲ್ಲಬೇಕು. ದಿನಚರ್ಯೆಯ ಈ ಹೊದಿಕೆಯೊಳಗೆ ರಾಕ್ಷಸನು ಸುಖವಾಗಿ ಅಡಗುತ್ತಾನೆ. ಇಂಥ ಊರನ್ನು ರಾಮರಾಜ್ಯವೆಂದು ಕರೆಯುವವರು ಗೌಡನ ಕಟ್ಟೆಯ ಮೇಲೆ ಕುಳಿತಿರುವವನಾರೆಂದು ನೋಡಿಲ್ಲ. ಕವಿಯು ಮುಂದೆ 'ಋಷ್ಯಶೃಂಗ'ವೆಂಬ ನಾಟಕದಲ್ಲಿ ಅದೇ ಊರನ್ನು ಬರಗಾಲದಲ್ಲಿ ತೋರಿಸಿದುದು ಆಕಸ್ಮಿಕವೆಂದು ನಾನು ತಿಳಿಯುವುದಿಲ್ಲ. ರೋಮಪಾದನ ಅಂಗದೇಶಕ್ಕೆ ಋಷ್ಯಶೃಂಗನು ಕಾಲಿಟ್ಟೊಡನೆ ಮಳೆಯಾಯಿತು. ಶಿವಪುರದವರು ಬಾಲಗೊಂಡನಿಂದ ಅದನ್ನೇ ಬಯಸಿ ಕಾಯುತ್ತಾರೆ; ಆದರೆ ಮಗನನ್ನು ಕಾಯುವವರು ಅವನ ಹುಟ್ಟಿನ ಪ್ರಶ್ನೆಯನ್ನೂ ಕಾಯಬೇಕಾಗುತ್ತದೆ.

ಇನ್ನು 'ಜೋಕುಮಾರಸ್ವಾಮಿ'. ಇದರಲ್ಲಿ ದಿನಚರ್ಯೆಯು ಇನ್ನೂ ಹತ್ತಿರದಿಂದ ಕಾಣುವುದರಿಂದ ಸ್ವಲ್ಪ ನಿಂತು ನೋಡಬೇಕಾಗಿದೆ. ಉತ್ತರದ ಜಿಲ್ಲೆಗಳಲ್ಲಿ ಗಣೇಶನ ಹಬ್ಬ ಕಳೆದ ಬಳಿಕ ಜೋಕುಮಾರನೆಂಬ ಮಣ್ಣಿನ ಮೂರ್ತಿಯನ್ನು ಬೇವಿನೆಲೆಯ ಬುಟ್ಟಿಯಲ್ಲಿಟ್ಟು ಹೆಂಗಸರು ಮನೆಮನೆಗೆ ಹೊತ್ತು ಹಾಡುತ್ತಾರೆ. ಅವನ ಬಾಳು ಏಳೇ ದಿನದ್ದು; ಹುಣ್ಣಿಮೆಗೆ ಅವನ ಸಾವು. ನಾಟಕದಲ್ಲಿ ಈ ದೇವನು ಪಡವಲಕಾಯಿಯ ರೂಪದಲ್ಲಿ ಬರುತ್ತಾನೆ. ಆ ಕಾಯಿಯ ಪಲ್ಯವನ್ನು ಗಂಡನಿಗೆ ಉಣ್ಣಿಸಿದರೆ ಸಂತಾನವಾಗುವುದೆಂಬ ನಂಬಿಕೆಯಿಂದ ಮಕ್ಕಳಿಲ್ಲದ ಗೌಡ್ತಿಯು ಅಡಿಗೆ ಮಾಡಿ, ಗಂಡನಿರುವನೆಂದು ತಿಳಿದು ಹೊಲಕ್ಕೆ ಬುತ್ತಿಯನ್ನು ಒಯ್ಯುತ್ತಾಳೆ. ಅಲ್ಲಿದ್ದವನು ಬಸಣ್ಣ, ಆ ದೆವ್ವದ ಹೊಲವನ್ನು ಉಳುತ್ತಿರುವವನು. ಅನ್ನವನ್ನು ಉಣ್ಣುವವನು ಅವನೇ.

ಪುತ್ರಕಾಮೇಷ್ಟಿಯ ಪಾಯಸವನ್ನು ಇಲ್ಲಿ ನೆನೆಯದಿರಲಾಗುವುದಿಲ್ಲ. ಅಗ್ನಿಯಿಂದ ಎದ್ದ ದಿವ್ಯಪುರುಷನು ದಶರಥನ ಕೈಗಿತ್ತ ಪಾತ್ರೆಯು ಉದ್ದಿಷ್ಟರಾದ ರಾಣಿಯರಿಗೇ ಸೇರಿತು. ವಂಶವು ಅರಸನದಾಗಿಯೇ ಉಳಿಯಿತು. ಶಿವಪುರದ ಪಲ್ಯವು ಒಲೆಯಿಂದ ಎದ್ದುದು, ಬುತ್ತಿಯಲ್ಲಿ ಹೊಲಕ್ಕೆ ನಡೆದುದು. ಅದು ಹೆಸರಿಗೆ ಒಡೆಯನಾದವನನ್ನು ಬಿಟ್ಟು ಉಳುವವನನ್ನು ಸೇರಿತು. ಯಾರದು ಹೊಲ, ಯಾರದು ಮಗು ಎಂಬ ಎರಡು ವ್ಯಾಜ್ಯಗಳು ಒಂದೇ ಬುತ್ತಿಯಲ್ಲಿ ಕಟ್ಟಲ್ಪಟ್ಟಿವೆ. ನಾಟಕವು ರಂಗಕ್ಕೆ ಬಂದುದು 1972ರಲ್ಲಿ. ಉಳುವವನಿಗೆ ಭೂಮಿಯನ್ನು ಕೊಡಿಸುವ ತಿದ್ದುಪಡಿಯು ದೇವರಾಜ ಅರಸರ ಕಾಲದಲ್ಲಿ ಜಾರಿಗೆ ಬಂದುದು 1974ರಲ್ಲಿ. ಕಾವ್ಯವು ಕಾನೂನನ್ನು ಮಾಡಿತೆಂದು ನಾನು ಹೇಳುತ್ತಿಲ್ಲ. ವ್ಯಾಜ್ಯವು ಕಚೇರಿಗೆ ಬರುವುದಕ್ಕೆ ಮೊದಲೇ ಅಡಿಗೆಮನೆಯಲ್ಲಿ ನಡೆಯುತ್ತಿದ್ದಿತೆಂಬುದನ್ನು ಕವಿಯು ಕಂಡಿದ್ದನು. ನಾಟಕದ ಕೊನೆಯಲ್ಲಿ ಬಸಣ್ಣನು ಉಳಿಯುವುದಿಲ್ಲ. ಜೋಕುಮಾರನ ಬಾಳು ಏಳೇ ದಿನವೆಂಬುದು ಅವನಿಗೂ ಅನ್ವಯಿಸುತ್ತದೆ.

ಇಲ್ಲಿ ಶಾಸ್ತ್ರದ ಹಳೆಯ ವಿವಾದವೊಂದು ಪ್ರಸಕ್ತವಾಗುತ್ತದೆ. ಇದ್ದುದನ್ನು ಇದ್ದಂತೆ ಹೇಳುವ ಸ್ವಭಾವೋಕ್ತಿಯನ್ನು ದಂಡಿಯು ಅಲಂಕಾರಗಳಲ್ಲಿ ಮೊದಲನೆಯದೆಂದನು. ಸೂರ್ಯ ಮುಳುಗಿದ, ಹಕ್ಕಿಗಳು ಗೂಡಿಗೆ ಹೋದುವು ಎಂಬಂಥ ಮಾತು ವಾರ್ತೆಯಷ್ಟೇ ಎಂದು ಭಾಮಹನು ಮೂಗು ಮುರಿದನು. ಕುಂತಕನು ಇನ್ನೂ ಮುಂದೆ ಹೋಗಿ, ಸ್ವಭಾವವೆಂಬುದು ಅಲಂಕರಿಸಬೇಕಾದ ಶರೀರವೇ ಆಗಿರಲು ಅದನ್ನೇ ಅಲಂಕಾರವೆಂದರೆ ಮಿಕ್ಕದ್ದೇನೆಂದು ಕೇಳಿದನು. ಶಿವಪುರವನ್ನು ಓದಿದ ಮೇಲೆ ಕುಂತಕನ ಪ್ರಶ್ನೆಯೇ ನನಗೆ ಸರಿಯಾಗಿ ಕಾಣುತ್ತಿದೆ. ಪಲ್ಯ, ಬುತ್ತಿ, ಹೊಲ ಇವು ಇಲ್ಲಿ ಕಥೆಯ ಮೈ. ಇವನ್ನು ತೆಗೆದರೆ ಅದ್ಭುತಕ್ಕೆ ನಿಲ್ಲಲು ನೆಲವಿರುವುದಿಲ್ಲ; ಉಳಿಯುವುದು ಗಂಧರ್ವನಗರ.

ರಂಗಭೂಮಿಯ ವಿಷಯದಲ್ಲಿ ನಮ್ಮ ಗುಬ್ಬಿಯವರಿಗೆ ಸಂಬಂಧಪಟ್ಟ ಒಂದು ಮಾತು. 1884ರಲ್ಲಿ ಹುಟ್ಟಿದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ವೀರಣ್ಣನವರ ಕಾಲದಲ್ಲಿ 'ಕುರುಕ್ಷೇತ್ರ'ಕ್ಕೆ ನಿಜವಾದ ಆನೆಕುದುರೆಗಳನ್ನೇ ರಂಗಕ್ಕೆ ತಂದು ಪ್ರೇಕ್ಷಕರನ್ನು ಬೆರಗುಗೊಳಿಸಿದುದು ಪ್ರಸಿದ್ಧವಾಗಿದೆ. ಬಾಲ್ಯದಲ್ಲಿ ಅದೇ ಕಂಪೆನಿಯನ್ನು ಸೇರಿ ಬೆಳೆದ ಬಿ. ವಿ. ಕಾರಂತರು 'ಜೋಕುಮಾರಸ್ವಾಮಿ'ಯನ್ನು ಆಡಿಸಿದರು. ಆನೆಗಳ ರಂಗದಿಂದ ಪಡವಲಕಾಯಿಯ ರಂಗಕ್ಕೆ ಬಂದ ಈ ದಾರಿಯನ್ನು ಯಾರಾದರೂ ವಿಸ್ತಾರವಾಗಿ ಬರೆಯಬೇಕು. ಭರತನ ಮಾತಿನಲ್ಲಿ ಹೇಳುವುದಾದರೆ ಲೋಕಧರ್ಮಿ ಯಾವುದು, ನಾಟ್ಯಧರ್ಮಿ ಯಾವುದು ಎಂಬುದು ಈ ಎರಡು ಪ್ರಯೋಗಗಳಲ್ಲಿ ಸ್ಥಳ ಬದಲಾಯಿಸಿಕೊಂಡಿವೆ.

'ಕರಿಮಾಯಿ' ಕಾದಂಬರಿಯನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಊರದೇವಿಯೇ ಅಲ್ಲಿ ನ್ಯಾಯಸ್ಥಾನ, ಪಂಚಾಂಗ, ನೆನಪು ಎಲ್ಲವೂ ಆಗಿರುವಳು. ಪಟ್ಟಣದಲ್ಲಿ ಓದಿ ಬಂದ ಗುಡಸೀಕರನು ಹಿರಿಯರಿಗೆ ಎದುರಾದಾಗ ವಿಮರ್ಶಕರು ಸಾಮಾನ್ಯವಾಗಿ ಒಬ್ಬರ ಪಕ್ಷ ವಹಿಸುತ್ತಾರೆ. ಕಾದಂಬರಿಯ ಸೊಗಸು ಇರುವುದು ಪಕ್ಷದಲ್ಲಲ್ಲ, ಸುದ್ದಿಯು ಬಾಯಿಂದ ಬಾಯಿಗೆ ಹೋಗುತ್ತ ಊರನ್ನೇ ಕಟ್ಟುವ ಪರಿಯಲ್ಲಿ.

2006ರ 'ಶಿಖರಸೂರ್ಯ'ದ ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಒಪ್ಪುವುದಿಲ್ಲ. ಅಲ್ಲಿ ಕನಕಪುರಿಯೆಂಬ ರಾಜಧಾನಿಗೆ ಎದುರಾಗಿ ಶಿವಪುರವು ನಿಲ್ಲುತ್ತದೆ: ಒಂದು ಕಡೆ ಅಧಿಕಾರ, ಹೊನ್ನು, ವಿದ್ಯೆಯ ದುರುಪಯೋಗ, ಇನ್ನೊಂದು ಕಡೆ ಎಲ್ಲರಿಗೂ ಸಲ್ಲುವ ವಿದ್ಯೆ. ಹಸ್ತಿನಾವತಿಗೂ ಕಣ್ವಾಶ್ರಮಕ್ಕೂ ಇರುವ ಭೇದದಂತೆ ಇದು ಸ್ಪಷ್ಟವಾಗಿದೆ, ಅತಿಸ್ಪಷ್ಟವಾಗಿದೆ. ಕನಕಪುರಿಯ ಚಿತ್ರವು ಬಲವಾದುದು, ಭಯವನ್ನು ಹುಟ್ಟಿಸುವಂಥದು. ಶಿವಪುರವಾದರೋ ನನಗೆ ತಪೋವನದಂತೆ ತೋರಿತು. ಗೌಡ್ತಿಯ ಅಡಿಗೆಮನೆಯ ಹೊಗೆ ಅಲ್ಲಿ ಕಣ್ಣಿಗೆ ತಾಗುವುದಿಲ್ಲ. ಆರಂಭದಲ್ಲಿ ಹೇಳಿದ ರಾಮರಾಜ್ಯದ ಭ್ರಾಂತಿಗೆ ಕವಿಯೇ ಇಲ್ಲಿ ಸ್ವಲ್ಪ ಎಡೆಗೊಟ್ಟಂತೆ ಕಾಣುತ್ತದೆ. ಅಭಿಜ್ಞರು ಇದನ್ನು ಒಪ್ಪದಿರಬಹುದು. ಆ ಗ್ರಂಥದ ವ್ಯಾಪ್ತಿಯನ್ನು ಮೆಚ್ಚುವವರಲ್ಲಿ ನಾನೂ ಒಬ್ಬನೇ.

ಭಾಷೆಯ ತೊಡಕಿನಿಂದ ಇತ್ತಣ ವಾಚಕರು ಶಿವಪುರದಿಂದ ದೂರ ಉಳಿಯುತ್ತಾರೆಂದು ಕೆಲವು ಉಪಾಧ್ಯಾಯರು ಹೇಳುವುದುಂಟು. 'ಹೇಳುತ್ತೇನೆ ಕೇಳು' ಎಂಬುದು 'ಹೇಳತೇನ ಕೇಳ' ಎಂದಾದರೆ ಕುಣಿಗಲಿನ ಹುಡುಗನು ಎಡವಬೇಕಾದ ಕಾರಣವು ನನಗೆ ತಿಳಿಯುವುದಿಲ್ಲ. ನಮ್ಮ ಮೂಡಲಪಾಯದ ಬಯಲಾಟವನ್ನು ಕಂಡವರು, ಅರಸನ ಪ್ರೌಢವಚನಕ್ಕೆ ಹನುಮನಾಯಕನು ಹಟ್ಟಿಯ ಮಾತಿನಲ್ಲಿ ಉತ್ತರ ಕೊಡುವುದನ್ನು ಕೇಳಿಯೇ ಇರುವರು. ಜೋಕುಮಾರಸ್ವಾಮಿಯ ಸೂತ್ರಧಾರ ಹಿಮ್ಮೇಳದವರ ಸಂಭಾಷಣೆಯು ಅವರಿಗೆ ದೂರದ್ದಾಗಲಾರದು.

ಪಾಠಕ್ರಮವನ್ನು ಗೊತ್ತುಮಾಡುವವರು 'ಶಿಖರಸೂರ್ಯ'ದ ಭಾಗಗಳನ್ನು ಮೊದಲು ಇಟ್ಟು, ಆಮೇಲೆ ಸಮಯ ಮಿಕ್ಕರೆ ಹಿಂದಿನ ಕೃತಿಗಳಿಗೆ ಬರುವುದಕ್ಕಿಂತ 'ಹೇಳತೇನ ಕೇಳ', 'ಜೋಕುಮಾರಸ್ವಾಮಿ' ಇವುಗಳಿಂದ ಪ್ರಾರಂಭಿಸುವುದು ಯುಕ್ತ. ಬೆಳಗಾವಿ ಸೀಮೆಯ ಒಕ್ಕಲುತನದ ಶಬ್ದಗಳಿಗೆ ಕೊನೆಯಲ್ಲಿ ನಾಲ್ಕು ಪುಟಗಳ ಅರ್ಥಕೋಶವೊಂದಿದ್ದರೆ ಸಾಕು. ಗೌಡ, ಗೌಡ್ತಿ, ಬುತ್ತಿ ಎಂಬವುಗಳಿಗೆ ತುಮಕೂರಿನಲ್ಲಿ ಅರ್ಥ ಬರೆಯಬೇಕಾದ ಅಗತ್ಯವಿಲ್ಲ.