ಅಡುಗೆಮನೆ ಸಾಹಿತ್ಯ ಅಂತ ನಗೋರಿಗೆ

ನಾನು ಬರೆಯೋದು ಪ್ರೇಮಕಾದಂಬರಿ ಅಂದ್ರೆ ಸಾಕು, ಆಫೀಸಿನ ಗೆಳೆಯರು ಈಗಲೂ ನಗ್ತಾರೆ. ‘ಮಳೆ, ಮಲ್ಲಿಗೆ, ಮದುವೆ ಬಿಟ್ರೆ ಏನಿದೆ ಅದರಲ್ಲಿ?’ ಹಿಂದೆ ವಿಮರ್ಶಕರು ಇದನ್ನೇ ‘ಅಡುಗೆಮನೆ ಸಾಹಿತ್ಯ’ ಅಂತಿದ್ರು.

ತ್ರಿವೇಣಿಯವರ ‘ಬೆಳ್ಳಿಮೋಡ’ ನೋಡಿ. 1967ರಲ್ಲಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದ್ದು ಇದನ್ನೇ. ಇಂದಿರಾ ಎಸ್ಟೇಟಿನ ಒಬ್ಬಳೇ ಮಗಳು. ಅವಳಪ್ಪನ ದುಡ್ಡಲ್ಲಿ ಮೋಹನ್ ವಿದೇಶಕ್ಕೆ ಓದೋಕೆ ಹೋಗ್ತಾನೆ. ಅಷ್ಟರಲ್ಲಿ ಇಂದಿರಾಗೆ ತಮ್ಮ ಹುಟ್ಟುತ್ತಾನೆ. ಆಸ್ತಿ ಕೈತಪ್ಪಿತು ಅಂತ ಗೊತ್ತಾದ ಕೂಡಲೇ ಮೋಹನ್ ಹಿಂದೆ ಸರೀತಾನೆ. ಮುಂದೆ ಅವನೇ ಮನಸ್ಸು ಬದಲಿಸಿ ಬಂದಾಗ ಇಂದಿರಾ ಒಲ್ಲೆ ಅಂತಾಳೆ. ಪ್ರೀತಿಯ ತಳದಲ್ಲಿರೋ ಆಸ್ತಿಯ ಲೆಕ್ಕವನ್ನ ಇಷ್ಟು ಸಲೀಸಾಗಿ ಓದಿಸೋ ಪುಸ್ತಕಕ್ಕೆ ನಗೋದು ಹೇಗೆ?

ಒಂದು ದೂರು ನಿಜ. ಕಾರು-ಬಂಗಲೆಯ ನಾಯಕ, ಬೆಳ್ಳಗಿನ ನಾಯಕಿ ಅನ್ನೋ ಒಂದೇ ಅಚ್ಚಿನಲ್ಲಿ ಬಹಳ ಕಾದಂಬರಿ ಬಂದಿವೆ. ಅದಕ್ಕೆ ಮದ್ದು ಅಂದ್ರೆ ಕತೆಯ ಊರು ಬದಲಿಸೋದು, ಪ್ರೀತಿಯನ್ನ ಕೈಬಿಡೋದಲ್ಲ.

ನನ್ನ ಕತೆಗಳು ನಮ್ಮ ಕಡೆಯವು: ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ. ಹಡಗಲಿಯಲ್ಲಿ ಮಲ್ಲಿಗೆ ಅಂದ್ರೆ ಬೆಳೆ. ಮೊಗ್ಗು ಬಿಡಿಸೋ ನನ್ನ ನಾಯಕಿ ಕೂಲಿಯ ಲೆಕ್ಕ ಹಾಕ್ತಲೇ ಒಬ್ಬನ ಫೋನಿಗೆ ಕಾಯ್ತಾಳೆ. ಅವಳು ಹೂಂ ಅನ್ನಬೇಕಾದ್ರೆ ಜಾತಿ, ಅಪ್ಪನ ಸಾಲ, ತಂಗಿಯ ಮದುವೆ ಎಲ್ಲಾ ಅಡ್ಡ ಬರ್ತವೆ. ಯಾರ ಜೊತೆ ಬಾಳಬೇಕು ಅಂತ ಅವಳೇ ಹೇಳೋದು ಸಣ್ಣ ವಿಷಯವಾದ್ರೆ, ಅದನ್ನ ತಡೆಯೋಕೆ ಊರಿಗೆ ಊರೇ ಯಾಕೆ ನಿಲ್ಲುತ್ತೆ?