ಕೊಕ್ಕೆ ಮೇಟರ್‌ದು, ಚಪ್ಪಾಳೆ ಮೆಕ್ವೀನ್‌ಗೆ

ಪಿಕ್ಸಾರ್‌ನ 'ಕಾರ್ಸ್' (2006) ಮಕ್ಕಳ ಸಿನಿಮಾ ಅಂತ ಬಿಟ್ಟಿದ್ದರೆ ಒಮ್ಮೆ ನೋಡಿ. ಮೆಕ್ವೀನ್ ಅನ್ನೋ ರೇಸ್ ಕಾರಿಗಾಗಿ ಅಲ್ಲ, ಮೇಟರ್‌ಗಾಗಿ. ತುಕ್ಕು ಹಿಡಿದ ಟೋಯಿಂಗ್ ಗಾಡಿ ಅವನು. ಬಾನೆಟ್ ಇಲ್ಲ, ಹಲ್ಲು ಉಬ್ಬು, ಬೆನ್ನ ಮೇಲೊಂದು ಕೊಕ್ಕೆ. ರೂಟ್ 66ರ ಪಕ್ಕದ ಹಾಳುಬಿದ್ದ ಊರಿನವನು. ಕಾನ್ಸಾಸ್‌ನ ಗಲೀನಾದಲ್ಲಿ ನಿಂತಿದ್ದ 1951ರ ಇಂಟರ್‌ನ್ಯಾಷನಲ್ ಲಾರಿಯೊಂದನ್ನು ನೋಡಿ ಹೊಳೆದ ಪಾತ್ರ ಇದು.

ಸಿನಿಮಾ ಅವನನ್ನು ಇಟ್ಟುಕೊಂಡಿರೋದು ನಗಿಸೋಕೆ. ಮಲಗಿರೋ ಟ್ರ್ಯಾಕ್ಟರ್‌ಗಳನ್ನು ಬೆದರಿಸಿ ಬೀಳಿಸ್ತಾನೆ, ಹಿಮ್ಮುಖವಾಗಿ ಓಡ್ತಾನೆ. ಅವನ ಮಾತಿನ ಧಾಟಿಗೇ ಅರ್ಧ ನಗು. ಹಳ್ಳಿಯಿಂದ ಬಂದ ನನಗೆ ಆ ನಗು ಗೊತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಮೀಟಿಂಗಿನಲ್ಲಿ ಬಾಯಿಬಿಟ್ಟಾಗಲೆಲ್ಲ ಕೇಳಿಸ್ತಿತ್ತು.

ನನ್ನ ತಕರಾರು ಅದಲ್ಲ. ಕೊನೆಯ ರೇಸ್ ನೋಡಿ. ಹಳೇ ಚಾಂಪಿಯನ್ ಕಿಂಗ್ ಪಲ್ಟಿ ಹೊಡೆದು ಬಿದ್ದಿದ್ದಾನೆ. ಗೆಲುವಿನ ಗೆರೆ ಹತ್ತಿರ ಬಂದ ಮೆಕ್ವೀನ್ ಬ್ರೇಕ್ ಹಾಕಿ, ಹಿಂದೆ ಹೋಗಿ, ಅವನನ್ನು ತಳ್ಳಿಕೊಂಡು ಬಂದು ಗೆರೆ ದಾಟಿಸ್ತಾನೆ. ಕಪ್ ಹೋಗುತ್ತೆ, ಸ್ಟೇಡಿಯಂ ಎದ್ದು ನಿಲ್ಲುತ್ತೆ. ನನಗೂ ಕಣ್ಣು ತುಂಬಿತ್ತು, ಸುಳ್ಳು ಯಾಕೆ. ಆದರೆ ಕೆಟ್ಟು ನಿಂತ ಗಾಡಿಯನ್ನು ಗುರಿ ಮುಟ್ಟಿಸೋದು ಯಾರ ಕಸುಬು ಸ್ವಾಮಿ? ಕೊಕ್ಕೆ, ಕೇಬಲ್ ಎಲ್ಲ ಇಟ್ಟುಕೊಂಡಿರೋ ಮೇಟರ್ ಅದೇ ರೇಸಿಗೆ ಬಂದಿದ್ದಾನೆ. ಟೋಯಿಂಗ್‌ನವನ ದಿನಗೂಲಿ ಕೆಲಸ ಹೀರೋ ಒಂದು ಸಲ ಮಾಡಿದರೆ ತ್ಯಾಗ. ಮೇಟರ್‌ಗೆ ಸಿಗೋದು ಹೆಲಿಕಾಪ್ಟರ್‌ನಲ್ಲಿ ಒಂದು ರೌಂಡ್!

2011ರ 'ಕಾರ್ಸ್ 2' ವಿಮರ್ಶಕರ ಕೈಲಿ ಚೆನ್ನಾಗಿ ಬೈಸಿಕೊಂಡಿತು. ಟೋಕಿಯೋದ ಪಾರ್ಟಿಯಲ್ಲಿ ವಸಾಬಿಯನ್ನು ಐಸ್‌ಕ್ರೀಂ ಅಂದುಕೊಂಡು ಬಾಯಿಗೆ ಹಾಕಿಕೊಳ್ಳೋ ಮೇಟರ್‌ನ ನೋಡಿದರೆ ಬೈದದ್ದು ತಪ್ಪಲ್ಲ. ಆದರೂ ನನ್ನ ಓಟು ಇದಕ್ಕೇ. ಇಲ್ಲಿ ಗೂಢಚಾರರಿಗೆ ಬಗೆಹರಿಯದ ಗುಟ್ಟನ್ನು ಮೇಟರ್ ಒಂದು ಬೋಲ್ಟಿನಿಂದ ಬಿಡಿಸ್ತಾನೆ. ಅದು ವಿಟ್‌ವರ್ತ್, ಬ್ರಿಟನ್ನಿನ ಹಳೇ ಅಳತೆ, ಮಾಮೂಲಿ ಸ್ಪ್ಯಾನರ್ ಸರಿಯಾಗಿ ಕೂರಲ್ಲ. ಕೈಗೆ ಗ್ರೀಸ್ ಹತ್ತಿಸಿಕೊಂಡವನಿಗೆ ಮಾತ್ರ ಬರೋ ವಿದ್ಯೆ. ಹತ್ತು ವರ್ಷದ ಹಳೇ ಕೋಡ್ ನೋಡಿದ ತಕ್ಷಣ ಯಾವ ಕಾಲದ್ದು ಅಂತ ಹೇಳೋ ಸೀನಿಯರ್‌ಗಳು ನಮ್ಮಲ್ಲೂ ಇದ್ದಾರೆ, ಅವರಿಗೂ ಪ್ರೆಸೆಂಟೇಷನ್ ಮಾಡೋಕೆ ಬರಲ್ಲ.

ಇದಕ್ಕಿಂತ ನನಗೆ ಇಷ್ಟವಾದದ್ದು ಆರಂಭದ ಒಂದು ಚಿಕ್ಕ ದೃಶ್ಯ. ಓಟಿಸ್ ಅನ್ನೋ ಹಳೇ ಕಾರು ರಸ್ತೆಯಲ್ಲಿ ಕೆಟ್ಟು ನಿಂತಿದೆ. ಇದೇ ಮೊದಲ ಸಲವೇನಲ್ಲ. ನಾನೊಂದು ದಂಡಪಿಂಡ ಅಂತ ಅದು ಹಲುಬುತ್ತೆ. ಮೇಟರ್ ಬೈಯಲ್ಲ, ಸಮಾಧಾನ ಹೇಳಿ, ಕೊಕ್ಕೆ ಹಾಕಿ ಊರಿಗೆ ಕರ್ಕೊಂಡು ಹೊರಡ್ತಾನೆ. ಯಾರೂ ಚಪ್ಪಾಳೆ ತಟ್ಟಲ್ಲ. ಆಮೇಲೆ ಸಿನಿಮಾ ಬಾಂಬು, ರಾಕೆಟ್ಟು ಅಂತ ಬೇರೆ ಕಡೆ ಓಡುತ್ತೆ.